ಕ್ಲಚ್ ಜಾರುತ್ತಿದೆಯೋ, ಬಿಡುತ್ತಿಲ್ಲವೋ? ಗ್ಯಾರೇಜಿಗೆ ಹೋಗುವ ಮೊದಲು ಅಂಗಳದಲ್ಲೇ ನೋಡಿ



ಈ ಪುಟದಲ್ಲಿ ನೀವು ಸಾಮಾನ್ಯವಾಗಿ ಕೆಚ್ಚಲು ಬಾವು, ಬೆದೆಯ ಲಕ್ಷಣ, ಜಂತುಹುಳು ನಿವಾರಣೆಯ ವಿಚಾರ ಓದುತ್ತೀರಿ. ಈ ಸಲದ ರೋಗಿ ಬೇರೆ: ನಿಮ್ಮ ಮನೆಯ ಗಾಡಿ. ಹಳೆಯ ಓಮ್ನಿಯೋ, ಆಲ್ಟೋ ಕಾರೋ, ಪಿಕಪ್ಪೋ, ಹೈನುಗಾರಿಕೆ ಮಾಡುವ ಎಷ್ಟೋ ಮನೆಗಳಲ್ಲಿ ಈಗ ಒಂದು ಗಾಡಿ ಇದೆ. ಸಂಘಕ್ಕೆ ಹಾಲಿನ ಕ್ಯಾನು, ಅಲ್ಲಿಂದ ಪಶು ಆಹಾರದ ಮೂಟೆ, ಹೊಲದಿಂದ ಹಸಿ ಮೇವಿನ ಹೊರೆ ಎಲ್ಲವೂ ಅದರಲ್ಲೇ. ಓಡಿಸುವವರು ನೀವೇ ಇರಬಹುದು, ಯಜಮಾನರೋ ಮಗನೋ ಇರಬಹುದು. ಆದರೆ ಗಾಡಿ ಕೆಟ್ಟಾಗ ದುಡ್ಡು ಹೊರಡುವುದು ಹೆಚ್ಚಾಗಿ ಹಾಲಿನ ಬಟವಾಡೆಯಿಂದಲೇ.

ಹಾಗೆ ಹೊರಡುವ ದುಡ್ಡಿನಲ್ಲಿ ಕ್ಲಚ್ಚಿನದು ದೊಡ್ಡ ಬಾಬ್ತು. ಗೇರ್ ಬೀಳದಿದ್ದರೂ, ಗಾಡಿ ಏರು ಹತ್ತದಿದ್ದರೂ, ಅಡಿಯಲ್ಲಿ ಏನೋ ಸದ್ದು ಬಂದರೂ ಕೇಳಿಬರುವ ಮಾತು ಒಂದೇ: "ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು." ಕೆಲವು ಸಲ ಅದು ನಿಜ. ಕೆಲವು ಸಲ ಕೇಬಲ್ಲಿನ ನಟ್ಟು ನಾಲ್ಕು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸ. ಎರಡರ ವ್ಯತ್ಯಾಸ ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲ. ಗಾಡಿ ಹೇಳುವುದನ್ನು ಕ್ರಮವಾಗಿ ಕೇಳಿಸಿಕೊಂಡರೆ ಸಾಕು.

ಹಳ್ಳಿಯಿಂದ ಹಳ್ಳಿಗೆ ಗಾಡಿಯಲ್ಲೇ ತಿರುಗುವ ಪಶುವೈದ್ಯರಿಗೆ ಕ್ಲಚ್ ಹೊಸದೇನಲ್ಲ. ರೋಗ ಪತ್ತೆ ಮಾಡುವ ಕ್ರಮವೂ ಒಂದೇ. ಹಾಲುಜ್ವರವನ್ನೇ ನೆನಪಿಸಿಕೊಳ್ಳಿ. ಹೆಸರಿನಲ್ಲಿ ಜ್ವರವಿದೆ, ಆದರೆ ಕರು ಹಾಕಿ ಮಲಗಿದ ಹಸುವಿನ ಕಿವಿ ಮುಟ್ಟಿದರೆ ತಣ್ಣಗಿರುತ್ತದೆ. ಅದಕ್ಕೆ ಬೇಕಾದದ್ದು ಕ್ಯಾಲ್ಸಿಯಂ, ಜ್ವರದ ಔಷಧವಲ್ಲ. ಕಿವಿ ಮುಟ್ಟಿ ನೋಡದೆ ಹೆಸರು ನಂಬಿ ಔಷಧ ಕೊಟ್ಟರೆ ಹಸು ಉಳಿಯುವುದಿಲ್ಲ. ಕ್ಲಚ್ಚಿನಲ್ಲೂ ಹೀಗೆಯೇ ಒಂದಕ್ಕೊಂದು ವಿರುದ್ಧವಾದ ಎರಡು ಕಾಯಿಲೆಗಳಿವೆ. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದನ್ನು ಹೆಚ್ಚಿಸುತ್ತದೆ.

ಕ್ಲಚ್ ಮಾಡುವ ಕೆಲಸ

ಎರಡು ಊಟದ ತಟ್ಟೆಗಳ ನಡುವೆ ಒಂದು ರೊಟ್ಟಿ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದಿದ್ದೀರಿ ಎಂದುಕೊಳ್ಳಿ. ತಟ್ಟೆ ತಿರುಗಿದರೆ ರೊಟ್ಟಿಯೂ ತಿರುಗುತ್ತದೆ. ಒತ್ತುವುದು ಬಿಟ್ಟರೆ ತಟ್ಟೆ ತಿರುಗಿದರೂ ರೊಟ್ಟಿ ನಿಲ್ಲುತ್ತದೆ. ಇಲ್ಲಿ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಒಂದು ತಟ್ಟೆ. ಸ್ಪ್ರಿಂಗ್ ಇರುವ ಪ್ರೆಶರ್ ಪ್ಲೇಟ್ ಇನ್ನೊಂದು ತಟ್ಟೆ. ನಡುವಿನ ರೊಟ್ಟಿಯೇ ಕ್ಲಚ್ ಪ್ಲೇಟ್, ಅದು ಗೇರ್ ಬಾಕ್ಸಿಗೆ ಸೇರಿದೆ.

ನೀವು ಪೆಡಲ್ ಮುಟ್ಟದೇ ಇರುವಾಗ ಸ್ಪ್ರಿಂಗ್ ತಾನಾಗಿಯೇ ಪ್ಲೇಟನ್ನು ಒತ್ತಿ ಹಿಡಿದಿರುತ್ತದೆ, ಎಂಜಿನ್ನಿನ ಶಕ್ತಿ ಚಕ್ರಗಳಿಗೆ ಹೋಗುತ್ತದೆ. ಪೆಡಲ್ ತುಳಿದಾಗ ಕೇಬಲ್ಲೋ ಆಯಿಲ್ಲಿನ ಒತ್ತಡವೋ ಒಂದು ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ, ಸ್ಪ್ರಿಂಗಿನ ಹಿಡಿತ ಸಡಿಲವಾಗಿ ಪ್ಲೇಟ್ ಬಿಡುಗಡೆಯಾಗುತ್ತದೆ. ಆಗ ಗೇರ್ ಬದಲಿಸಬಹುದು. ಹೀಗಾಗಿ ಕ್ಲಚ್ಚಿಗೆ ಇರುವುದು ಎರಡೇ ಕೆಲಸ: ಹಿಡಿಯುವುದು, ಬಿಡುವುದು. ಕಾಯಿಲೆಯೂ ಎರಡೇ: ಹಿಡಿಯದೆ ಜಾರುವುದು, ಬಿಡದೆ ಅಂಟಿಕೊಳ್ಳುವುದು.

ಮೊದಲ ಕಾಯಿಲೆ: ಜಾರುವುದು

ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತದೆ, ಆದರೆ ಗಾಡಿಯ ವೇಗ ಏರುವುದಿಲ್ಲ. ಖಾಲಿ ಗಾಡಿಯಲ್ಲಿ, ಸಮ ರಸ್ತೆಯಲ್ಲಿ ಇದು ಗೊತ್ತಾಗದೇ ಇರಬಹುದು. ಕ್ಯಾನು ತುಂಬಿ ಏರು ಹತ್ತುವಾಗ ಮೊದಲು ಕಾಣಿಸುತ್ತದೆ. ಜಾಸ್ತಿಯಾದರೆ ಸುಟ್ಟ ವಾಸನೆ ಬರುತ್ತದೆ. ಪೆಡಲ್ ಬಹುತೇಕ ಪೂರ್ತಿ ಮೇಲೆ ಬಂದ ನಂತರವೇ ಗಾಡಿ ಹೊರಡುವುದು ಇನ್ನೊಂದು ಸೂಚನೆ.

ಕಾರಣಗಳು ಮುಖ್ಯವಾಗಿ ನಾಲ್ಕು. ಪ್ಲೇಟಿನ ಲೈನಿಂಗ್ ಸವೆದಿರಬಹುದು. ಸ್ಪ್ರಿಂಗ್ ಶಕ್ತಿ ಕಳೆದುಕೊಂಡಿರಬಹುದು. ಎಂಜಿನ್ ಅಥವಾ ಗೇರ್ ಬಾಕ್ಸಿನ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಗುಲಿರಬಹುದು. ಇಲ್ಲವೇ ಕೇಬಲ್ ಅತಿ ಬಿಗಿಯಾಗಿ, ನೀವು ಪೆಡಲ್ ಮುಟ್ಟದಿದ್ದರೂ ಅದು ಸ್ವಲ್ಪ ತುಳಿದಂತೆಯೇ ಇರಬಹುದು. ಈ ನಾಲ್ಕರಲ್ಲಿ ಗೇರ್ ಬಾಕ್ಸ್ ಇಳಿಸದೆ ಸರಿಯಾಗುವುದು ಕೊನೆಯದು ಮಾತ್ರ.

ಎರಡನೇ ಕಾಯಿಲೆ: ಬಿಡದಿರುವುದು

ಪೆಡಲ್ ನೆಲಕ್ಕೆ ಮುಟ್ಟುವಂತೆ ತುಳಿದರೂ ಗೇರ್ ಗಟ್ಟಿ. ರಿವರ್ಸ್ ಹಾಕಿದರೆ ಕರಕರ ಸದ್ದು. ಮೊದಲ ಗೇರಿನಲ್ಲಿ ಪೆಡಲ್ ತುಳಿದೇ ನಿಂತಿದ್ದರೂ ಗಾಡಿ ಮುಂದಕ್ಕೆ ತೆವಳುತ್ತದೆ. ಪೆಡಲ್ ನೆಲದಿಂದ ಸ್ವಲ್ಪ ಎತ್ತಿದ ಕೂಡಲೇ ಗಾಡಿ ನೆಗೆಯುತ್ತದೆ.

ಇದರ ಸಾಮಾನ್ಯ ಕಾರಣಗಳು ಹೊರಗೇ ಇರುತ್ತವೆ. ಕೇಬಲ್ ಹಿಗ್ಗಿ ಸಡಿಲವಾಗಿರುತ್ತದೆ ಅಥವಾ ಅದರ ಎಳೆಗಳು ಒಂದೊಂದಾಗಿ ತುಂಡಾಗುತ್ತಿರುತ್ತವೆ. ಆಯಿಲ್ ಕ್ಲಚ್ ಇದ್ದರೆ ಎಲ್ಲೋ ಸೋರಿಕೆ ಇರುತ್ತದೆ ಅಥವಾ ಒಳಗೆ ಗಾಳಿ ಸೇರಿರುತ್ತದೆ. ಪ್ಲೇಟ್ ಸೊಟ್ಟಗಾಗಿರುವುದು, ಪ್ರೆಶರ್ ಪ್ಲೇಟ್ ಮುರಿದಿರುವುದು ಒಳಗಿನ ಕಾರಣಗಳು. ಅವನ್ನು ಅನುಮಾನಿಸಬೇಕಾದ್ದು ಹೊರಗಿನದೆಲ್ಲ ನೋಡಿದ ಮೇಲೆ.

ಮಳೆಗಾಲದಲ್ಲಿ ಇನ್ನೊಂದು ಕಾರಣ ಸೇರುತ್ತದೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ ತೇವದಿಂದ ತುಕ್ಕು ಹಿಡಿದು ಪ್ಲೇಟ್ ಫ್ಲೈವೀಲಿಗೆ ಅಂಟಿಕೊಳ್ಳಬಹುದು. ನಿಲ್ಲಿಸುವಾಗ ಸರಿಯಿದ್ದ ಗಾಡಿ ತೆಗೆಯುವಾಗ ಯಾವ ಗೇರಿಗೂ ಬೀಳದಿದ್ದರೆ ಇದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿ. "ಎಷ್ಟು ದಿನ ನಿಂತಿತ್ತು?" ಎಂಬುದು "ಹಸು ಯಾವಾಗಿನಿಂದ ಮೇವು ಬಿಟ್ಟಿದೆ?" ಎಂಬ ಪ್ರಶ್ನೆಯಷ್ಟೇ ಮುಖ್ಯ.

ನೀವೇ ಮಾಡಬಹುದಾದ ನಾಲ್ಕು ಪರೀಕ್ಷೆ

ಸಮತಟ್ಟಾದ ಜಾಗ ಆರಿಸಿ. ಮಕ್ಕಳು, ದನಕರು ಗಾಡಿಯ ಹಿಂದೆ ಮುಂದೆ ಇರಬಾರದು. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಕೊಟ್ಟಿಗೆಯ ಒಳಗೆ ಅಥವಾ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆ ಅಪಾಯ. ಗಾಡಿ ಓಡಿಸಲು ಬಾರದವರು ಎಂಜಿನ್ ಆಫ್ ಮಾಡಿ ಮಾಡುವ ಪರೀಕ್ಷೆ ಮಾತ್ರ ಮಾಡಿ, ಉಳಿದದ್ದನ್ನು ಓಡಿಸುವವರಿಂದ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ಗಮನಿಸಿ.

ಪರೀಕ್ಷೆ 1: ಪೆಡಲಿನ ಆಟ. ಎಂಜಿನ್ ಆಫ್ ಇರಲಿ. ಪೆಡಲನ್ನು ಕಾಲಿನಿಂದಲ್ಲ, ಕೈಯಿಂದ ಮೆಲ್ಲಗೆ ಒತ್ತಿ. ಮೊದಲು ಸ್ವಲ್ಪ ದೂರ ಸುಮ್ಮನೆ ಇಳಿದು, ಆಮೇಲೆ ಬಿಗಿ ಸಿಗುತ್ತದೆ. ಆ ಸುಮ್ಮನೆ ಇಳಿಯುವ ದೂರವೇ ಆಟ. ಕೇಬಲ್ ಇರುವ ಸಣ್ಣ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ ಒಂದರಿಂದ ಎರಡೂವರೆ ಸೆಂಟಿಮೀಟರ್. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಇರುವ ಅಳತೆಯೇ ಅಂತಿಮ. ಆಟವೇ ಇಲ್ಲದಿದ್ದರೆ ಜಾರುವ ಕಾಯಿಲೆಗೆ ದಾರಿ. ಆಟ ಅತಿಯಾಗಿದ್ದರೆ ಬಿಡದಿರುವ ಕಾಯಿಲೆಗೆ ದಾರಿ. ಪ್ಲೇಟ್ ಸವೆದಂತೆ ಆಟ ಕಡಿಮೆಯಾಗುತ್ತದೆ, ಕೇಬಲ್ ಹಿಗ್ಗಿದಂತೆ ಹೆಚ್ಚಾಗುತ್ತದೆ. ತಿಂಗಳಿಗೊಮ್ಮೆ ನೋಡಿ ಬರೆದಿಟ್ಟರೆ ಕಾಯಿಲೆ ಬರುವ ಮೊದಲೇ ಗೊತ್ತಾಗುತ್ತದೆ.

ಆಯಿಲ್ ಕ್ಲಚ್ ಇರುವ ಗಾಡಿಯಲ್ಲಿ ಈ ಆಟ ಸಾಮಾನ್ಯವಾಗಿ ತಾನೇ ಹೊಂದಿಕೊಳ್ಳುತ್ತದೆ. ಅಲ್ಲಿ ನೋಡಬೇಕಾದ್ದು ಆಯಿಲ್ ಡಬ್ಬಿಯ ಮಟ್ಟ. ಅದು ಬ್ರೇಕಿಗೆ ಹಾಕುವ ಆಯಿಲ್. ಎಂಜಿನ್ ಆಯಿಲನ್ನು ಎಂದಿಗೂ ಅದಕ್ಕೆ ಸುರಿಯಬಾರದು, ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಹಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅಲ್ಲಿ ಮಟ್ಟ ಇಳಿಯುತ್ತಿದ್ದರೆ ಬ್ರೇಕಿನ ಪ್ರಶ್ನೆಯೂ ಹೌದು, ಅದೇ ದಿನ ತೋರಿಸಿ.

ಪರೀಕ್ಷೆ 2: ಬಿಡುತ್ತಿದೆಯೇ? ಮೊದಲು ಎಂಜಿನ್ ಆಫ್ ಇರುವಾಗ ಪೆಡಲ್ ತುಳಿದು ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಆಮೇಲೆ ನ್ಯೂಟ್ರಲ್‌ಗೆ ತಂದು ಎಂಜಿನ್ ಸ್ಟಾರ್ಟ್ ಮಾಡಿ, ಪೆಡಲ್ ಪೂರ್ತಿ ತುಳಿದು ಐದು ಎಣಿಸಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ರಿವರ್ಸ್ ಹಾಕಿ. ಎಂಜಿನ್ ಆಫ್ ಇದ್ದಾಗ ಸಲೀಸು, ಆನ್ ಇದ್ದಾಗ ಕರಕರ ಎಂದರೆ ಕ್ಲಚ್ ಬಿಡುತ್ತಿಲ್ಲ. ಎಂಜಿನ್ ಆಫ್ ಇದ್ದಾಗಲೂ ಗಟ್ಟಿಯೇ ಇದ್ದರೆ ದೋಷ ಗೇರ್ ಲಿವರಿನ ಜೋಡಣೆಯಲ್ಲೋ ಗೇರ್ ಬಾಕ್ಸಿನಲ್ಲೋ ಇರುವ ಸಾಧ್ಯತೆ ಹೆಚ್ಚು, ಕ್ಲಚ್ ಪ್ಲೇಟ್ ಹಾಕಿಸಿದರೆ ಅದು ಹೋಗುವುದಿಲ್ಲ. ಆಯಿಲ್ ಕ್ಲಚ್ಚಿನಲ್ಲಿ ಪೆಡಲನ್ನು ನಾಲ್ಕೈದು ಸಲ ಪಂಪ್ ಮಾಡಿದ ಮೇಲೆ ಗೇರ್ ಬಿದ್ದರೆ ಒಳಗೆ ಗಾಳಿ ಇದೆ ಅಥವಾ ಸೋರಿಕೆ ಇದೆ ಎಂದರ್ಥ.

ಪರೀಕ್ಷೆ 3: ಜಾರುತ್ತಿದೆಯೇ? ಇದಕ್ಕೆ ರಸ್ತೆಯೇ ಒಳ್ಳೆಯದು. ಜನಸಂಚಾರ ಇಲ್ಲದ ಸಣ್ಣ ಏರಿನಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಸ್ವಲ್ಪ ಹೆಚ್ಚಿಸಿ. ಸದ್ದು ಮತ್ತು ವೇಗ ಜೊತೆಯಾಗಿ ಏರಬೇಕು. ಸದ್ದು ಮಾತ್ರ ಏರಿದರೆ ಜಾರುತ್ತಿದೆ. ಅಂಗಳದಲ್ಲಿ ನೋಡುವುದಾದರೆ, ಹ್ಯಾಂಡ್ ಬ್ರೇಕ್ ಮತ್ತು ಕಲ್ಲು ಭದ್ರವಿರುವಾಗ ಮೂರನೇ ಗೇರ್ ಹಾಕಿ, ಬಲಗಾಲು ಬ್ರೇಕಿನ ಮೇಲಿಟ್ಟು ಪೆಡಲ್ ಮೆಲ್ಲಗೆ ಬಿಡಿ. ಆರೋಗ್ಯವಾಗಿರುವ ಕ್ಲಚ್ ಎಂಜಿನ್ನನ್ನು ತಕ್ಷಣ ನಿಲ್ಲಿಸಿಬಿಡುತ್ತದೆ. ಪೆಡಲ್ ಪೂರ್ತಿ ಬಿಟ್ಟರೂ ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ತುಂಬಾ ಜಾರುತ್ತಿದೆ, ಕೂಡಲೇ ಪೆಡಲ್ ತುಳಿದು ಎಂಜಿನ್ ಆಫ್ ಮಾಡಿ. ಒಂದೇ ಸಲ ಮಾಡಿ, ಪದೇಪದೇ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ. ಅಂಗಳದಲ್ಲಿ ಪಾಸಾದ ಕ್ಲಚ್ ಏರಿನಲ್ಲಿ ಜಾರಬಹುದು ಎಂಬುದೂ ನೆನಪಿರಲಿ.

ಪರೀಕ್ಷೆ 4: ಸದ್ದು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ. ಪೆಡಲ್ ತುಳಿದಾಗ ಕಿರ್ರ್ ಎಂಬ ಸದ್ದು ಶುರುವಾದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಪೆಡಲ್ ಬಿಟ್ಟಾಗ ಇರುವ ಸದ್ದು ತುಳಿದಾಗ ನಿಂತರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಅನುಮಾನ. ಗಾಡಿ ಹೊರಡುವಾಗ ಮಾತ್ರ ಮೈಯೆಲ್ಲ ಗಡಗಡ ನಡುಗಿದರೆ ಪ್ಲೇಟಿಗೆ ಎಣ್ಣೆ ತಗುಲಿರಬಹುದು, ಅಥವಾ ಎಂಜಿನ್ ಕೂರಿಸಿರುವ ರಬ್ಬರ್ ಮೌಂಟ್ ಹರಿದಿರಬಹುದು. ಮೌಂಟ್ ನೋಡುವುದು ಸುಲಭ, ಅದನ್ನು ಮೊದಲು ನೋಡಲು ಹೇಳಿ.

ಕ್ಲಚ್ಚಿನದಲ್ಲದ ಕಾಯಿಲೆ

"ಗಾಡಿ ಎಳೆಯುತ್ತಿಲ್ಲ" ಎಂಬ ದೂರೆಲ್ಲ ಕ್ಲಚ್ಚಿನದಲ್ಲ. ಎಂಜಿನ್ ಸದ್ದೂ ಏರುತ್ತಿಲ್ಲ, ವೇಗವೂ ಏರುತ್ತಿಲ್ಲ ಎಂದರೆ ಎಂಜಿನ್ನಿಗೇ ಶಕ್ತಿ ಸಾಲದು. ಗಾಳಿಯ ಫಿಲ್ಟರ್ ಧೂಳು, ಹೊಟ್ಟು ಹಿಡಿದು ಕಟ್ಟಿರಬಹುದು, ಇಂಧನದ ಫಿಲ್ಟರ್ ಕಟ್ಟಿರಬಹುದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಹತ್ತಿರ ಮಾತ್ರ ವಿಪರೀತ ಬಿಸಿ ಬರುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಕೈಯನ್ನು ಹತ್ತಿರ ಹಿಡಿದರೆ ಸಾಕು, ಮುಟ್ಟಬೇಡಿ. ಸುಟ್ಟ ವಾಸನೆಯೂ ಅಲ್ಲಿಂದಲೇ ಬಂದಿರಬಹುದು. ಸದ್ದು ಏರಿ ವೇಗ ಏರದಿದ್ದರೆ ಮಾತ್ರ ಕ್ಲಚ್.

ತಪ್ಪು ಚಿಕಿತ್ಸೆ ಹೇಗಾಗುತ್ತದೆ?

ಹಳ್ಳಿಗಳಲ್ಲಿ ಮೂರು ಬಗೆಯ ಪ್ರಕರಣ ಮತ್ತೆ ಮತ್ತೆ ಕಾಣುತ್ತವೆ.

ಒಂದು, ಬೆಳಗ್ಗೆ ರಿವರ್ಸ್ ಬೀಳದ ಓಮ್ನಿ. ಪ್ಲೇಟ್ ಬದಲಿಸಬೇಕೆಂದು ಎರಡು ಬಟವಾಡೆಯಷ್ಟು ಲೆಕ್ಕ ಹೇಳಿರುತ್ತಾರೆ. ಪೆಡಲ್ ನೋಡಿದರೆ ಅರ್ಧ ದೂರ ಸುಮ್ಮನೆ ಇಳಿಯುತ್ತಿರುತ್ತದೆ. ಅಲ್ಲಿ ಬೇಕಾದದ್ದು ಕೇಬಲ್ ಹೊಂದಾಣಿಕೆ, ಎಳೆಗಳು ತುಂಡಾಗಿದ್ದರೆ ಹೊಸ ಕೇಬಲ್. ಒಳಗಿನ ಪ್ಲೇಟ್ ಇನ್ನೂ ಗಟ್ಟಿಯಾಗಿರುತ್ತದೆ.

ಎರಡು, ಏರಿನಲ್ಲಿ ಜಾರುವ ಗಾಡಿ. "ಸಡಿಲವಾಗಿರಬೇಕು" ಎಂದು ಕೇಬಲ್ ಇನ್ನಷ್ಟು ಬಿಗಿ ಮಾಡುತ್ತಾರೆ. ಜಾರುವ ಕ್ಲಚ್ಚಿಗೆ ಬಿಗಿ ಮಾಡುವುದು ಎಂದರೆ ಸದಾ ಅರ್ಧ ತುಳಿದಿಟ್ಟಂತೆ. ಸ್ವಲ್ಪ ಜಾರುತ್ತಿದ್ದದ್ದು ವಾರದೊಳಗೆ ಪೂರ್ತಿ ಸುಟ್ಟುಹೋಗಬಹುದು.

ಮೂರು, ಹೊಸ ಪ್ಲೇಟ್ ಹಾಕಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಜಾರುವ ಪಿಕಪ್. ಹಳೆಯ ಪ್ಲೇಟ್ ಎಣ್ಣೆಯಿಂದ ಒದ್ದೆಯಾಗಿತ್ತು, ಸೋರುವ ಸೀಲನ್ನು ಯಾರೂ ಬದಲಿಸಲಿಲ್ಲ. ಕೆಚ್ಚಲು ಬಾವಿಗೆ ಟ್ಯೂಬ್ ಹಾಕಿ ಕೊಟ್ಟಿಗೆಯ ಕೆಸರನ್ನು ಹಾಗೇ ಬಿಟ್ಟಂತಾಯಿತು.

ಗ್ಯಾರೇಜಿನಲ್ಲಿ ಏನು ಹೇಳಬೇಕು, ಏನು ಕೇಳಬೇಕು?

ಗ್ಯಾರೇಜಿನಲ್ಲಿ ಮಾತು ಗಂಡಸರ ನಡುವೆ ನಡೆಯುತ್ತದೆ, ದುಡ್ಡು ಕೊಡುವಾಗ ಮಾತ್ರ ನಿಮ್ಮ ಕಡೆ ತಿರುಗುತ್ತಾರೆ. ದುಡ್ಡು ನಿಮ್ಮದಾದ ಮೇಲೆ ಪ್ರಶ್ನೆಯೂ ನಿಮ್ಮದೇ ಆಗಲಿ. "ಕ್ಲಚ್ ಕೆಟ್ಟಿದೆ" ಎನ್ನಬೇಡಿ. ಕಂಡದ್ದನ್ನು ಹೇಳಿ: "ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸು, ಆನ್ ಇದ್ದಾಗ ರಿವರ್ಸ್ ಕರಕರ ಎನ್ನುತ್ತದೆ. ಪೆಡಲಿನ ಆಟ ನಾಲ್ಕು ಬೆರಳು ಇದೆ." ಇಷ್ಟು ಹೇಳಿದರೆ ಒಳ್ಳೆಯ ಮೆಕ್ಯಾನಿಕ್‌ಗೆ ಕೆಲಸ ಅರ್ಧ ಕಡಿಮೆ.

ಗೇರ್ ಬಾಕ್ಸ್ ಇಳಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಕೇಬಲ್ ಅಥವಾ ಆಯಿಲ್ ಲೈನ್ ನೋಡಿದಿರಾ? ಜಾರುತ್ತಿದೆಯೋ, ಬಿಡುತ್ತಿಲ್ಲವೋ? ಒಳಗೆ ಸೋರಿಕೆ ಇದ್ದರೆ ಸೀಲ್ ಸೇರಿಸಿ ಒಟ್ಟು ಎಷ್ಟಾಗುತ್ತದೆ?

ಇಳಿಸಲೇಬೇಕಾದರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಸಾಮಾನ್ಯವಾಗಿ ಲಾಭ. ಖರ್ಚಿನ ದೊಡ್ಡ ಪಾಲು ಇಳಿಸಿ ಏರಿಸುವ ಕೂಲಿ. ಬೇರಿಂಗ್ ಉಳಿಸಲು ಹೋಗಿ ಮತ್ತೆ ಇಳಿಸುವಂತಾದರೆ ಕೂಲಿ ಎರಡು ಸಲ. ಫ್ಲೈವೀಲಿನ ಮುಖ ನಯವಾಗಿದೆಯೇ ಎಂದೂ ನೋಡಿಸಿ.

ಹಳೆಯ ಭಾಗಗಳನ್ನು ತೋರಿಸಲು ಹೇಳಿ. ಲೈನಿಂಗ್ ಸವೆದು ರಿವೆಟ್ಟುಗಳ ತಲೆ ಮೇಲ್ಮಟ್ಟಕ್ಕೆ ಬಂದಿದ್ದರೆ ಪ್ಲೇಟಿನ ಆಯುಸ್ಸು ಮುಗಿದಿತ್ತು. ಕಪ್ಪಗೆ ಹೊಳೆಯುತ್ತಾ ಎಣ್ಣೆ ವಾಸನೆ ಬಂದರೆ ಸೀಲ್ ಸೋರಿದೆ. ಪ್ರೆಶರ್ ಪ್ಲೇಟಿನ ಮೇಲೆ ನೀಲಿ ಕಲೆಗಳಿದ್ದರೆ ಅತಿ ಬಿಸಿಯಾಗಿದೆ, ಅಂದರೆ ಓಡಿಸುವ ರೀತಿ ಅಥವಾ ಭಾರ ಬದಲಾಗಬೇಕು. ಆ ಭಾಗಗಳ ಧೂಳನ್ನು ಊದಬೇಡಿ, ಉಸಿರಿಗೆ ಒಳ್ಳೆಯದಲ್ಲ.

ಕ್ಲಚ್ಚಿನ ಆಯುಸ್ಸು ಕಾಲಿನಲ್ಲಿ

ಹೈನುಗಾರರ ಗಾಡಿಯಲ್ಲಿ ಕ್ಲಚ್ ಬೇಗ ಸವೆಯಲು ಕಾರಣಗಳಿವೆ. 40 ಲೀಟರ್ ಹಾಲು ಎಂದರೆ ಸುಮಾರು 41 ಕಿಲೋ, ಕ್ಯಾನಿನ ತೂಕ ಬೇರೆ. ಐದು ಕ್ಯಾನು ಇಟ್ಟರೆ 200 ಕಿಲೋ ದಾಟಿತು. ಬರುವಾಗ 50 ಕಿಲೋ ಮೂಟೆ ನಾಲ್ಕು. ಮನೆಮನೆ ಮುಂದೆ ನಿಲ್ಲಿಸಿ ಹೊರಡಬೇಕು, ಪ್ರತಿ ಸಲವೂ ಪ್ಲೇಟ್ ಜಾರಿಯೇ ಹಿಡಿಯಬೇಕು. ಈ ಕೆಲಸ ತಪ್ಪಿಸಲಾಗದು, ಆದರೆ ಇವನ್ನು ತಪ್ಪಿಸಬಹುದು:

ಓಡುವಾಗ ಪೆಡಲ್ ಮೇಲೆ ಕಾಲು ಇಡಬೇಡಿ. ಕಾಲಿನ ಭಾರವೇ ಹಿಡಿತವನ್ನು ಸಡಿಲ ಮಾಡುತ್ತದೆ. ಗೇರ್ ಬದಲಿಸಿದ ಮೇಲೆ ಕಾಲು ಪಕ್ಕದ ನೆಲದ ಮೇಲಿರಲಿ.

ಏರಿನಲ್ಲಿ ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿಕೊಳ್ಳಬೇಡಿ. ಹ್ಯಾಂಡ್ ಬ್ರೇಕ್ ಹಾಕಿ, ಕ್ಲಚ್ ಹಿಡಿಯುವುದು ಗೊತ್ತಾದಾಗ ಬ್ರೇಕ್ ಬಿಟ್ಟು ಹೊರಡಿ.

ಎರಡನೇ ಗೇರಿನಲ್ಲಿ ಹೊರಡಬೇಡಿ. ಕೆಸರಿನಲ್ಲಿ ಸಿಕ್ಕಿಕೊಂಡರೆ ಎಂಜಿನ್ ಅರಚಿಸುತ್ತಾ ಕ್ಲಚ್ ಆಡಿಸಬೇಡಿ. ಭಾರ ಇಳಿಸಿ, ಚಕ್ರದಡಿ ಹುಲ್ಲೋ ಹಲಗೆಯೋ ಕೊಡಿ.

ಗಾಡಿಗೆ ಬರೆದಿರುವ ಭಾರದ ಮಿತಿ ಮೀರಬೇಡಿ. ಎರಡು ಸಲ ಓಡಿಸುವ ಇಂಧನ ಗೇರ್ ಬಾಕ್ಸ್ ಇಳಿಸುವ ಕೂಲಿಗಿಂತ ಅಗ್ಗ.

ದಾರಿಯಲ್ಲಿ ಕ್ಲಚ್ ಕೈಕೊಟ್ಟರೆ

ಪೆಡಲ್ ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದು ಮೇಲೆ ಬರದಿದ್ದರೆ ಕೇಬಲ್ ತುಂಡಾಗಿದೆ ಅಥವಾ ಆಯಿಲ್ ಸೋರಿದೆ. ಗಾಬರಿ ಬೇಡ, ಬ್ರೇಕ್ ಕೆಲಸ ಮಾಡುತ್ತದೆ. ಆಕ್ಸಿಲರೇಟರ್ ಬಿಡಿ, ಬ್ರೇಕ್ ಒತ್ತುತ್ತಾ ಗೇರ್ ಲಿವರನ್ನು ನ್ಯೂಟ್ರಲ್‌ಗೆ ಎಳೆಯಿರಿ, ಎಡಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಬ್ರೇಕಿಗೂ ಅದೇ ಆಯಿಲ್ ಡಬ್ಬಿ ಇರುವ ಗಾಡಿಯನ್ನು ಹಾಗೇ ಮುಂದೆ ಓಡಿಸಬೇಡಿ.

ಮೊದಲ ಫೋನ್ ಮೆಕ್ಯಾನಿಕ್‌ಗಲ್ಲ, ಸಂಘದ ಕಾರ್ಯದರ್ಶಿಗೆ. ಕರೆದ ಹಾಲು ಸುಮಾರು 38 ಡಿಗ್ರಿ ಬಿಸಿಯಲ್ಲಿರುತ್ತದೆ. ಬಿಎಂಸಿಯಲ್ಲಿ 4 ಡಿಗ್ರಿಗೆ ಇಳಿಯುವವರೆಗೆ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. ಬಿಸಿಲಿನಲ್ಲಿ ನಿಂತ ಕ್ಯಾನಿನ ಹಾಲು ಪರೀಕ್ಷೆಯಲ್ಲಿ ಒಡೆದರೆ ಸಂಘ ತೆಗೆದುಕೊಳ್ಳುವಂತಿಲ್ಲ. ಕ್ಯಾನುಗಳನ್ನು ನೆರಳಿಗೆ ಇಳಿಸಿ, ಒದ್ದೆ ಗೋಣಿ ಸುತ್ತಿ, ಬೇರೆ ಗಾಡಿಯಲ್ಲಿ ಕಳುಹಿಸಿ. ಗಾಡಿಯ ಕೆಲಸ ಮಧ್ಯಾಹ್ನಕ್ಕೂ ಆದೀತು.

ಕೊಟ್ಟಿಗೆಯ ಗೋಡೆಗೆ ಅಂಟಿಸಿಕೊಳ್ಳಿ

• ಸದ್ದು ಏರಿ ವೇಗ ಏರದಿದ್ದರೆ: ಜಾರುತ್ತಿದೆ. ಆಟ ಇದೆಯೇ ನೋಡಿ, ಕೇಬಲ್ ಬಿಗಿ ಮಾಡಿಸಬೇಡಿ.

• ಎಂಜಿನ್ ಆನ್ ಇದ್ದಾಗ ಮಾತ್ರ ಗೇರ್ ಗಟ್ಟಿ: ಬಿಡುತ್ತಿಲ್ಲ. ಕೇಬಲ್, ಆಯಿಲ್ ಮೊದಲು ನೋಡಿ.

• ಎಂಜಿನ್ ಆಫ್ ಇದ್ದಾಗಲೂ ಗೇರ್ ಗಟ್ಟಿ: ಕ್ಲಚ್ ಅಲ್ಲ, ಗೇರಿನ ಕಡೆ ನೋಡಿ.

• ಸದ್ದೂ ಇಲ್ಲ, ವೇಗವೂ ಇಲ್ಲ: ಫಿಲ್ಟರ್, ಬ್ರೇಕ್ ನೋಡಿ.

• ಪೆಡಲಿನ ಆಟ: ತಿಂಗಳಿಗೊಮ್ಮೆ ಅಳೆದು, ಹಸುಗಳ ಗರ್ಭಧಾರಣೆಯ ದಿನಾಂಕ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ.